ಬೋಗುಣಿಯೊಳಗಿನ ಬೋಗುಣಿ

"ಜೆಮ್ಮಾ, ಈ ಸಲ ಸಾಮಾನು ನೀನೇ ತುಂಬು" ಎಂದು ಅಮ್ಮ ಹೇಳಿದಾಗ ನನ್ನ ತಮ್ಮ ಪೆರಿನ್ ಚಹಾದ ಲೋಟವನ್ನು ಬಾಯಿಯ ಹತ್ತಿರವೇ ಹಿಡಿದುಕೊಂಡು ನನ್ನ ಮುಖ ನೋಡಿದ.

ಜೆಮ್ಮಾ ಅವನ ಹೆಂಡತಿ. ಇಟ್ಟಿಗೆ ಮನೆಯಲ್ಲಿ ಹುಟ್ಟಿ ಬೆಳೆದವಳು, ಗೋರ್ಜಿ. ಅಂದರೆ ಚಕ್ರದ ಮೇಲಿನ ಟ್ರೇಲರುಗಳಲ್ಲೇ ಸಂಸಾರ ಮಾಡುತ್ತ ಊರೂರು ತಿರುಗುವ ನಮ್ಮ ಅಲೆಮಾರಿ ಪೈಕಿಯವಳಲ್ಲ. ಮದುವೆಯಾಗಿ ಎರಡು ವರ್ಷವಾಗಿದ್ದರೂ ಅಮ್ಮ ಅವಳ ಟ್ರೇಲರಿಗೆ ಹೋಗಿ ಕೂರುತ್ತಿದ್ದಳೇ ಹೊರತು ಅಲ್ಲಿ ಒಂದು ತುತ್ತು ತಿಂದವಳಲ್ಲ. ಈಗ ನಾವಿದ್ದ ಹೊಲದಂಚಿನ ಜಾಗ ಮಾರಾಟವಾಗಿತ್ತು. ಅಮ್ಮನ ದೊಡ್ಡ ಟ್ರೇಲರಿನ ತಳ ಕೊಳೆತು ರಸ್ತೆಗಿಳಿಸುವಂತಿರಲಿಲ್ಲ. ಅದನ್ನು ಅಲ್ಲೇ ಬಿಟ್ಟು, ಎರಡು ಸಂಸಾರವನ್ನೂ ಪೆರಿನ್‌ನ ಸಣ್ಣ ಟ್ರೇಲರಿಗೆ ಹಿಡಿಸಬೇಕಿತ್ತು. ಅಮ್ಮ ತನ್ನ ಪಾತ್ರೆಗಳನ್ನು ಸೊಸೆಯ ಕೈಗೆ ಒಪ್ಪಿಸಿದಳೆಂದರೆ ಅವಳನ್ನು ಮನೆಯವಳೆಂದು ಒಪ್ಪಿದ ಹಾಗೆ. ಜೆಮ್ಮಾಳಿಗೂ ಅದು ಗೊತ್ತಿತ್ತು. ಮಗು ವ್ಯಾಷ್ಟಿಯನ್ನು ಗಂಡನ ಮಡಿಲಿಗೆ ಹಾಕಿ, ತೋಳು ಮಡಚಿಕೊಂಡು ಎದ್ದಳು.

"ಅತ್ತಿಗೆ, ಗೋರ್ಜಿ ಕೈಗೆ ಕೊಟ್ಟೆಯಲ್ಲ, ಮೊದಲ ತಿರುವಿನಲ್ಲೇ ಮಗುಚ್ಕೊಳ್ಳುತ್ತೆ ನೋಡು!" ಎಂದ ನೆಹೆಮಾಯ ಚಿಕ್ಕಪ್ಪ.

"ನೀವು ಒಳಗೆ ಕೂತರೆ ಮಾತ್ರ ಮಾವ. ಭಾರ ಎಲ್ಲಾ ಒಂದೇ ಕಡೆ ಆಗುತ್ತಲ್ಲಾ!"

ಅಮ್ಮ ನಕ್ಕಳು. ಆ ಸೊಸೆಯ ಮಾತಿಗೆ ಅವಳು ಬಾಯ್ತುಂಬ ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ನನಗೆ ಆಸ್ಪತ್ರೆಯ ಪ್ರಯೋಗಾಲಯಕ್ಕೆ ಹೊತ್ತಾಗಿತ್ತು, ಹೊರಟೆ. ಸಾಮಾನು ತುಂಬುವಾಗ ಅಮ್ಮನೂ ಅಲ್ಲಿರಲಿಲ್ಲ. ಅಪ್ಪನ ಸಮಾಧಿಗೆ ಹೂವಿಟ್ಟು ಬರಲು ಚಿಕ್ಕಪ್ಪನ ಜತೆ ಹೋಗಿದ್ದಳಂತೆ.

ಕೆಲಸ ಮುಗಿಸಿ ನಾನು ಹೊಸ ಜಾಗಕ್ಕೆ, ಹಳೆಯ ವಿಮಾನ ನಿಲ್ದಾಣದ ಪಕ್ಕದ ಬಯಲಿಗೆ, ಬರುವಷ್ಟರಲ್ಲಿ ಟ್ರೇಲರನ್ನು ಸಮಮಟ್ಟಕ್ಕೆ ನಿಲ್ಲಿಸಿ ಆಗಿತ್ತು. ಜೆಮ್ಮಾ ಮದುವೆಗೆ ಮುಂಚೆ ಗೋದಾಮಿನಲ್ಲಿ ಪೆಟ್ಟಿಗೆ ತುಂಬುವ ಕೆಲಸದಲ್ಲಿದ್ದವಳು. ಅದು ಎದ್ದು ಕಾಣುತ್ತಿತ್ತು. ಭಾರದ ಡಬ್ಬಿಗಳೆಲ್ಲ ಕೆಳಗೆ, ಚಕ್ರದ ಅಚ್ಚಿನ ನೇರಕ್ಕೆ. ಮೇಲಿನ ಕಪಾಟುಗಳಲ್ಲಿ ಹಗುರವಾದವು ಮಾತ್ರ. ಬಾಗಿಲ ಹಿಂದಿನ ಸಂದಿಯಲ್ಲೂ ಇಸ್ತ್ರಿ ಹಲಗೆ ನಿಂತಿತ್ತು. ದಾರಿಯಲ್ಲಿ ಏನೂ ಜಾರಿರಲಿಲ್ಲ.

"ಇದು ನಿಮಗೆ ಅತ್ತೆ." ಮಂಚದ ಪಕ್ಕದ ಖಾನೆಯನ್ನು ತೆರೆದು ತೋರಿಸಿದಳು. ಅದು ಪೂರ್ತಿ ಖಾಲಿಯಾಗಿತ್ತು. "ನಿಮ್ಮ ಶಾಲು, ಫೋಟೋ, ಏನು ಬೇಕಾದ್ರೂ ಇಟ್ಕೊಳ್ಳಿ. ಯಾರೂ ಕೈ ಹಾಕಲ್ಲ."

ಅಮ್ಮ ಕುಳಿತು ಆ ಖಾನೆಯೊಳಗೆ ಕೈಯಾಡಿಸಿದಳು. "ಮದುವೆಯಾದಾಗಿನಿಂದ ನನಗೇ ಅಂತ ಒಂದು ಖಾನೆ ಇರಲಿಲ್ಲ ಕಣೇ. ಇಷ್ಟು ಜಾಗ ಎಲ್ಲಿಂದ ತಂದೆ?"

"ಇಲ್ಲಿಂದ!" ಎಂದು ಜೆಮ್ಮಾ ಮಂಚದ ಹಲಗೆ ಎತ್ತಿದಳು.

ಒಳಗೆ ಬಟ್ಟೆ ಒಗೆಯುವ ಬೋಗುಣಿ. ಅದರೊಳಗೆ ಪಾತ್ರೆ ತೊಳೆಯುವ ಬೋಗುಣಿ. ಅದರೊಳಗೆ, ಸ್ನಾನದ ಟವೆಲುಗಳಲ್ಲಿ ಸುತ್ತಿದ, ಅಜ್ಜಿಯ ಕಾಲದ ಚಿನ್ನದಂಚಿನ ಪಿಂಗಾಣಿ.

"ಒಂದು ಬಿರುಕೂ ಬಿಟ್ಟಿಲ್ಲ" ಎಂದಳು ಜೆಮ್ಮಾ.

ಅಮ್ಮ ಖಾನೆಯಿಂದ ಕೈ ಹಿಂತೆಗೆದಳು. ಪೆರಿನ್ ಮಗುವನ್ನೆತ್ತಿಕೊಂಡು ಹೊರಗೆ ಹೋದ.

"ಏನಾಯ್ತು? ಕೆಜಾಯಾ ಅಕ್ಕಾ, ಏನಾಯ್ತು?"

ನಾನೇ ಹೇಳಬೇಕಾಯಿತು. ಮೈಗೆ ತಾಕಿದ್ದು ಬಾಯಿಗೆ ಹೋಗುವುದನ್ನು ತಾಕಬಾರದು. ತಾಕಿದರೆ ಅದು ಮೈಲಿಗೆ, ಮತ್ತೆ ಮಡಿಯಾಗುವುದಿಲ್ಲ.

"ಗೊತ್ತು ಅಕ್ಕಾ. ಒಂದು ದಿನವಾದ್ರೂ ಬಟ್ಟೆ ಬೋಗುಣೀಲಿ ಪಾತ್ರೆ ತೊಳೆದಿದ್ದೀನಾ? ಬಳಸೋವಾಗ ಬೇರೆ ಬೇರೆ, ಸರಿ. ಸುಮ್ನೆ ಇಡೋವಾಗಲೂನಾ? ಎಲ್ಲಾನೂ ಕುದಿಯೋ ನೀರಲ್ಲಿ ತೊಳೆದೇ ಇಟ್ಟಿದ್ದು. ನೀವು ಕಾಲೇಜು ಓದಿದವರು, ನೀವೇ ಹೇಳಿ. ಏನಾದ್ರೂ ಅಂಟಿರುತ್ತಾ?"

ದಿನವಿಡೀ ಸೂಕ್ಷ್ಮದರ್ಶಕದಲ್ಲಿ ರೋಗಾಣುಗಳನ್ನು ಹುಡುಕುವುದೇ ನನ್ನ ಕೆಲಸ. ಆ ನುಣುಪು ಪಿಂಗಾಣಿಯ ಮೇಲೆ ಏನೂ ಉಳಿದಿರಲಾರದು. ಉಳಿದಿಲ್ಲವೆಂದು ಪರೀಕ್ಷೆ ಮಾಡಿ ತೋರಿಸಲೂಬಲ್ಲೆ. ಆದರೆ ಆ ಬಟ್ಟಲಲ್ಲಿ ಚಹಾ ಕೊಟ್ಟರೆ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಇದನ್ನು ಯಾರೂ ನನಗೆ ಕಲಿಸಿದ್ದಲ್ಲ, ಆದ್ದರಿಂದ ಅವಳಿಗೆ ಹೇಗೆ ಕಲಿಸಬೇಕೆಂದು ನಮಗೆ ತೋಚಿಯೂ ಇರಲಿಲ್ಲ.

"ಏನೂ ಅಂಟಿಲ್ಲ" ಎಂದೆ. "ಆದರೂ ಆಗಲ್ಲ."

ಅಮ್ಮ ಎದ್ದಳು. ಹಲಗೆಯ ಕೆಳಗಿನಿಂದ ಆ ಬೋಗುಣಿಗಳನ್ನು ಹಾಗೆಯೇ ಎತ್ತಿಕೊಂಡು, ನನ್ನ ಸಹಾಯವನ್ನೂ ಬೇಡವೆಂದು, ಬೇಲಿಯ ಕಡೆ ನಡೆದಳು. ಪೊಲೀಸರು ನಮ್ಮನ್ನು ಬೀಡುಬಿಟ್ಟ ಜಾಗದಿಂದ ಎಬ್ಬಿಸಿದಾಗಲೆಲ್ಲ ಅವಳು ಮಕ್ಕಳನ್ನು ಒಂದು ಕೈಯಲ್ಲಿ, ಆ ಪಿಂಗಾಣಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಓಡಿದವಳು. ಅದನ್ನು ಒಂದೊಂದಾಗಿ ಕಲ್ಲಿಗೆ ಬಡಿದಳು. ಅವಸರವಿರಲಿಲ್ಲ. ಪ್ರತಿಯೊಂದನ್ನೂ ಟವೆಲಿನಿಂದ ಬಿಡಿಸಿ, ಒಮ್ಮೆ ತಿರುಗಿಸಿ ನೋಡಿ, ಆಮೇಲೆ ಬಡಿಯುತ್ತಿದ್ದಳು.

"ಅತ್ತೆ, ಬೇಡ! ನನ್ನನ್ನ ಬಯ್ಯಿರಿ, ಬೇಕಾದ್ರೆ ಎರಡೇಟು ಹೊಡೀರಿ. ಅದನ್ನ ಒಡೀಬೇಡಿ!"

"ನಿನ್ನ ಮೇಲೆ ಏನು ಕೋಪ? ನಿನಗೆ ಗೊತ್ತಿಲ್ಲ. ಗೊತ್ತಾಗೋದೂ ಇಲ್ಲ."

ಕಡೆಯ ಮಾತನ್ನು ಮೆತ್ತಗೇ ಹೇಳಿದಳು. ಜೆಮ್ಮಾಳ ಕೈ ಇಳಿಬಿತ್ತು.

ಆಮೇಲೂ ಅವಳು ಒಂದು ಪ್ರಯತ್ನ ಮಾಡಿದಳು. ಮುಖ ತೊಳೆದುಕೊಂಡು ಬಂದು, ತನ್ನ ಲೋಟಗಳಲ್ಲಿ ಎಲ್ಲರಿಗೂ ಚಹಾ ಮಾಡಿ ತಂದಳು. ಅಮ್ಮ ಲೋಟವನ್ನು ತೆಗೆದುಕೊಂಡು ಹುಲ್ಲಿನ ಮೇಲಿಟ್ಟಳು. ಚಿಕ್ಕಪ್ಪ ಸಿಗರೇಟು ಹಚ್ಚಿದ. ಜೆಮ್ಮಾ ಗಂಡನ ಮುಂದೆ ನಿಂತಳು.

"ಒಂದು ಗುಟುಕು, ಪೆರಿನ್. ಅವರೆಲ್ಲ ನೋಡೋ ಹಾಗೆ. ಒಂದೇ ಒಂದು."

ಪೆರಿನ್ ಲೋಟ ಹಿಡಿದ. ಅಮ್ಮನ ಕಡೆ ನೋಡಿದ. ಅಮ್ಮ ಅವನನ್ನು ನೋಡುತ್ತಲೂ ಇರಲಿಲ್ಲ, ಬೇಲಿಯ ಕಡೆ ಮುಖ ಮಾಡಿದ್ದಳು.

"ಬಿಸಿ ಇದೆ, ಆಮೇಲೆ ಕುಡೀತೀನಿ" ಎಂದ.

ಜೆಮ್ಮಾ ಒಳಗೆ ಹೋಗಿ ತನ್ನ ಅಕ್ಕನಿಗೆ ಫೋನ್ ಮಾಡಿದಳು. ತುಂಬಿಸಿದಷ್ಟೇ ಅಚ್ಚುಕಟ್ಟಾಗಿ ತನ್ನ ಮತ್ತು ಮಗುವಿನ ಸಾಮಾನನ್ನು ಖಾನೆಗಳಿಂದ ತೆಗೆದಳು. ತಮ್ಮದಲ್ಲದ ಒಂದು ಪಿನ್ನನ್ನೂ ಮುಟ್ಟಲಿಲ್ಲ. ಪೆರಿನ್ ಟ್ರೇಲರಿನ ಕೊಂಡಿಯನ್ನು ಬಿಚ್ಚುತ್ತ, ಮತ್ತೆ ಬಿಗಿಯುತ್ತ ಮುಂದುಗಡೆಯೇ ಕೂತಿದ್ದ. ಕಾರು ಬಂದಾಗ ಚೀಲಗಳನ್ನು ಹೊತ್ತು ಅವಳ ಜತೆ ಹೋದವಳು ನಾನೊಬ್ಬಳೇ.

"ಮಗು ಹಾಲಿನ ಬಾಟಲಿನೂ ಅದೇ ಬೋಗುಣೀಲಿತ್ತು" ಎಂದಳು, ವ್ಯಾಷ್ಟಿಯನ್ನು ಸೀಟಿಗೆ ಬಿಗಿಯುತ್ತ. "ಬಂದ ತಕ್ಷಣ ತೆಗೆದು ಹಾಲು ಕುಡಿಸಿದೆ. ಅತ್ತೆಗೆ ಹೇಳಲಿಲ್ಲ. ಹೇಳಿದ್ರೆ ಮಗೂನ ಏನು ಮಾಡ್ತಿದ್ರಿ ಅಕ್ಕಾ?"

ನಾನು ಬಾಯಿ ತೆರೆಯುವ ಮೊದಲೇ ಅವಳು ಬಾಗಿಲು ಹಾಕಿಕೊಂಡಳು.

ಹಿಂತಿರುಗಿದಾಗ ಅಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. "ಏನಂದಳು?"

"ಏನಿಲ್ಲ" ಎಂದೆ.