ಸತುವಿನ ಕೊಂಡಿ

ತಾಷ್ಕೆಂಟಿನ ಆ ಪ್ರಯೋಗಾಲಯಕ್ಕೆ ಮವ್ಜುದಾ ಯಜಮಾನಿ. ಅಲ್ಲಿ ನಡೆಯುವುದೆಲ್ಲ ದೇಹ ಕಾಯುವ ಟಿ ಕೋಶಗಳ ಕೆಲಸ. ಆ ಕೋಶಗಳೊಳಗೆ ಒಂದು ಕಿಣ್ವವಿದೆ; ಶತ್ರು ಬಂದ ಸುದ್ದಿಯನ್ನು ಒಳಕ್ಕೆ ದಾಟಿಸುವುದು ಅದೇ. ಅದಕ್ಕಾಗಿ ಅದು ಪೊರೆಯಲ್ಲಿರುವ ಇನ್ನೊಂದು ಪ್ರೋಟೀನಿಗೆ ಅಂಟಿಕೊಂಡಿರಬೇಕು. ಎರಡರ ನಡುವೆ ಸತುವಿನ ಒಂದು ಕಣ ಕೂತು, ಕುಪ್ಪಸದ ಹುಕ್ಕಿನ ಹಾಗೆ ಹಿಡಿದಿಡುತ್ತದೆ. ಸತು ಇಲ್ಲವೋ, ಎರಡೂ ಮುಖ ತಿರುಗಿಸಿಕೊಂಡು ಹೋಗುತ್ತವೆ.

ಸಂಶೋಧನಾ ವಿದ್ಯಾರ್ಥಿನಿ ಹುಲ್ಕರ್ ಚಳಿಗಾಲವಿಡೀ ಅವೆರಡನ್ನು ಕೂಡಿಸಲು ಹೆಣಗಿದಳು. ಕೂಡಲಿಲ್ಲ. ಶುಕ್ರವಾರದ ಸಭೆಯಲ್ಲಿ ಮವ್ಜುದಾ ನಾಲಿಗೆ ಹರಿಬಿಟ್ಟಳು.

"ನಿನ್ನ ಕೈಯೇ ಸರಿ ಇಲ್ಲ ಕಣೇ. ಪಾತ್ರೆ ತೊಳಿಯೋಕೆ ಕೊಟ್ರೂ ಒಡೆದು ಹಾಕ್ತೀಯ."

ಯಾರೋ ಕಿಸಕ್ಕನೆ ನಕ್ಕರು. ಮರುವಾರ ಹುಲ್ಕರ್ ಗಂಟುಮೂಟೆ ಕಟ್ಟಿಕೊಂಡು ತನ್ನೂರು ಮಾರ್ಗಿಲಾನ್‌ಗೆ ಹೋಗಿಬಿಟ್ಟಳು. ತಿಂಗಳ ಕೊನೆಯೊಳಗೆ ಬರದಿದ್ದರೆ ಅವಳ ಹೆಸರು ಹೊಡೆದುಹಾಕುತ್ತಾರೆ, ಅಲ್ಲಿಗೆ ಓದು ಮುಗಿದಂತೆ.

ಹುಲ್ಕರ್ ಬಿಟ್ಟುಹೋದ ಪ್ರೋಟೀನನ್ನು ಹಿಡಿದು ಮವ್ಜುದಾ ತಾನೇ ಪ್ರಯೋಗಕ್ಕೆ ಕೂತಳು. ಪ್ರೋಟೀನು ಚೊಕ್ಕವಾಗಿತ್ತು. ಆದರೂ ಕೂಡಲಿಲ್ಲ. ಆಗ ದ್ರಾವಣದ ಸೀಸೆಯ ಮೇಲೆ ಕಣ್ಣು ಬಿತ್ತು. ದ್ರಾವಣಗಳನ್ನೆಲ್ಲ ಅವಳೇ ಕಲಸಿಡುವುದು, ಬೇರೆಯವರು ಮುಟ್ಟಕೂಡದೆಂದು ಅವಳದೇ ಕಟ್ಟಪ್ಪಣೆ. ಪ್ರೋಟೀನನ್ನು ಕತ್ತರಿಸಿಹಾಕುವ ಪುಂಡ ಕಿಣ್ವಗಳನ್ನು ಅಡಗಿಸಲು ಎಲ್ಲದಕ್ಕೂ ಇ.ಡಿ.ಟಿ.ಎ. ಸುರಿಯುವುದು ಅವಳ ರೂಢಿ. ಅದು ಲೋಹ ಕಂಡರೆ ಬಾಚಿಕೊಳ್ಳುತ್ತದೆ. ಹುಲ್ಕರಳ ಸತುವನ್ನೂ ಬಾಚಿಕೊಂಡಿತ್ತು. ಇದನ್ನೇ ಮಕ್ಕಳಿಗೆ ವರ್ಷವರ್ಷವೂ ಪಾಠ ಹೇಳುತ್ತಿದ್ದವಳು ಮವ್ಜುದಾ.

ಇ.ಡಿ.ಟಿ.ಎ. ಇಲ್ಲದ ದ್ರಾವಣ ಕಲಸಿ, ಚೂರು ಸತು ಬೆರೆಸಿದಳು. ಮೊದಲ ಸಲಕ್ಕೇ ಕೂಡಿಕೊಂಡವು. ಕುಣಿದಾಡಬೇಕಾದ ಹೊತ್ತಿನಲ್ಲಿ ಅವಳಿಗೆ ನಾಚಿಕೆಯಿಂದ ಕಿವಿ ಸುಡುತ್ತಿತ್ತು.

ಶುಕ್ರವಾರ ಬೆಳಗಿನ ರೈಲು ಹತ್ತಿ ಮಾರ್ಗಿಲಾನ್‌ಗೆ ಹೋದಳು. ಹುಲ್ಕರ್ ಚಿಕ್ಕಮ್ಮನ ರೇಷ್ಮೆ ಅಂಗಡಿಯಲ್ಲಿದ್ದಳು. ಅಕ್ಕನನ್ನು ಕರೆಯುವಂತೆ "ಬನ್ನಿ ಓಪಾ" ಎಂದು ಎದೆಯ ಮೇಲೆ ಕೈಯಿಟ್ಟು ಬಾಗಿದಳು, ಹಸಿರು ಚಹಾ ತಂದಳು. ಗೌರವದ ಅತಿಥಿಗೆ ಬಗ್ಗಿಸುವಂತೆ, ಮತ್ತೆ ಮತ್ತೆ ಬಿಸಿಯಾಗಿ ತುಂಬಿಸಲೆಂದು, ಬಟ್ಟಲಿಗೆ ಸ್ವಲ್ಪವೇ ಬಗ್ಗಿಸಿದಳು. ಆ ಮರ್ಯಾದೆಯೇ ಮವ್ಜುದಾಗೆ ಚುಚ್ಚಿತು. ಅಷ್ಟರಲ್ಲಿ ಗಿರಾಕಿಯೊಬ್ಬಳು ಬಟ್ಟೆ ಆರಿಸಿದಳು. ಹುಲ್ಕರ್ ಕತ್ತರಿಯನ್ನು ಚಿಕ್ಕಮ್ಮನತ್ತ ಸರಿಸಿದಳು.

"ಯಾಕೆ, ನೀನು ಕತ್ತರಿಸಲ್ವಾ?" ಮವ್ಜುದಾ ಕೇಳಿದಳು.

"ನನ್ನ ಕೈ ನಂಬೋ ಹಾಗಿಲ್ಲ ಓಪಾ. ರೇಷ್ಮೆ ಹಾಳಾಗತ್ತೆ."

ಮವ್ಜುದಾ ನಡೆದದ್ದನ್ನೆಲ್ಲ ಹೇಳಿದಳು. ಹುಡುಗಿ ತಾಳ್ಮೆಯಿಂದ ಕೇಳಿ ಮುಗುಳ್ನಕ್ಕಳು.

"ನನ್ನ ಸಮಾಧಾನಕ್ಕೆ ಹೇಳ್ತಿದ್ದೀರ. ಇಷ್ಟು ದೂರ ಬಂದ್ರಲ್ಲ, ಅದೇ ದೊಡ್ದು."

ಎಲ್ಲರ ಮುಂದೆ ಆಡಿದ್ದನ್ನು ಅಂಗಡಿಯ ಮೂಲೆಯಲ್ಲಿ ಪಿಸುಗುಟ್ಟಿ ತೊಳೆದುಕೊಳ್ಳಲು ಬಂದಿದ್ದೇನೆ ಎಂದು ಮವ್ಜುದಾಗೆ ತನ್ನ ಮೇಲೇ ಹೇಸಿಗೆಯಾಯಿತು. ಪ್ರಯೋಗಾಲಯದಲ್ಲಿ ಶುಕ್ರವಾರದ ಸಭೆ ಶುರುವಾಗುವ ಹೊತ್ತು. ಸಹಾಯಕ ಬೋತಿರ್‌ಗೆ ಫೋನು ಮಾಡಿದಳು.

"ಏನ್ ಓಪಾ, ನಮಗೂ ರೇಷ್ಮೆ ತರ್ತೀರಾ?"

"ಹಲ್ಲು ಕಿಸೀಬೇಡ. ಸ್ಪೀಕರ್ ಹಾಕು, ಎಲ್ಲರೂ ಕೇಳ್ಲಿ. ಹುಲ್ಕರ್ ಕೆಲ್ಸದಲ್ಲಿ ಒಂದು ಕೂದಲಷ್ಟೂ ತಪ್ಪಿರ್ಲಿಲ್ಲ. ದ್ರಾವಣಕ್ಕೆ ಇ.ಡಿ.ಟಿ.ಎ. ಹಾಕಿದ್ದು ನಾನು, ಸತು ಹಾರಿಸಿದ್ದು ನಾನು. ನಿಮ್ಮೆಲ್ಲರೆದುರು ಅವಳ ಮಾನ ತೆಗೆದವಳೂ ನಾನೇ. ಅವಳು ವಾಪಸ್ ಬಂದ್ರೆ ಅದು ಅವಳು ನಮಗೆ ಮಾಡೋ ಉಪಕಾರ."

ಹುಲ್ಕರಳ ಮುಖದಿಂದ ನಗು ಹೋಗಿತ್ತು. ಈಗ ಅವಳು ನಂಬಿದ್ದಳು.

"ಓಪಾ, ಪ್ರೋಟೀನ್ ನಂದು, ದ್ರಾವಣ ನಿಮ್ದು. ತಪ್ಪು ನಂದೇ ಅಂತ ಆವತ್ತು ಹೇಗೆ ಗೊತ್ತಾಯ್ತು ನಿಮಗೆ?"

ಮವ್ಜುದಾ ಚಹಾದ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

"ತಪ್ಪು ನಂದಿರಬಹುದು ಅಂತ ನಂಗೆ ಹೊಳೀಲೇ ಇಲ್ಲ ಕಣಮ್ಮ," ಎಂದಳು. ಫೋನು ಇನ್ನೂ ಚಾಲೂ ಇತ್ತು. ಅದನ್ನೂ ಎಲ್ಲರೂ ಕೇಳಿಸಿಕೊಂಡರು.