ಕಲ್ಲು ಒಣಗುವವರೆಗೆ

ನಾದಿನಿ ಗುಬ್ಬಿ ಒಳಗೆ ಹೋದದ್ದನ್ನು ನೋಡಿಕೊಂಡು ಅತ್ತಿಗೆ ಮತ್ತೊಂದು ಮಗ್ಗು ನೀರನ್ನು ಚಪ್ಪಡಿಯ ಮೇಲೆ ಸುರಿದಳು. ಬೂದು ಬಣ್ಣದ ಕಲ್ಲು ಒಮ್ಮೆಗೇ ಕಡುಗಪ್ಪಾಯಿತು. ಅದರೊಳಗಿನ ಬಿಳಿಯ ಎಳೆಗಳು ಈಗಷ್ಟೇ ಹಾಲು ಚೆಲ್ಲಿದ ಹಾಗೆ ಎದ್ದು ಕಂಡವು. ಅವುಗಳ ನಡುವೆ ಕೂದಲಿನಷ್ಟು ಸಣ್ಣ ಗೆರೆಯೊಂದು ಈ ಅಂಚಿನಿಂದ ಆ ಅಂಚಿಗೆ ಹೋಗಿತ್ತು. ಅದನ್ನೇ ಅವಳು ಬೆಳಿಗ್ಗೆಯಿಂದ ನೋಡುತ್ತಿದ್ದಳು. ಸರಿಯಾಗಿ ಹೇಳಬೇಕೆಂದರೆ, ನೋಡುವುದನ್ನು ಮುಂದೂಡುತ್ತಿದ್ದಳು.

ಚಪ್ಪಡಿ ಚರ್ಚಿನ ಹೊಸ ಬಲಿಪೀಠಕ್ಕೆ. ಇಂಥ ಗೆರೆ ಬಿರುಕೋ, ಕಲ್ಲಿನದೇ ಎಳೆಯೋ ಎಂದು ತಿಳಿಯಲು ಅವರ ಕಲ್ಲು ಕೊಯ್ಯುವ ಶೆಡ್ಡಿನಲ್ಲಿ ನಂಬುತ್ತಿದ್ದದ್ದು ಒಂದೇ ಕ್ರಮ. ನೀರು ಹಾಕಬೇಕು, ಒರೆಸಬೇಕು, ಒಣಗುವವರೆಗೆ ಕಾಯಬೇಕು. ಎಳೆಯಾದರೆ ಕಲ್ಲಿನ ಜೊತೆಗೇ ಒಣಗುತ್ತದೆ. ಬಿರುಕಾದರೆ ನೀರು ಕುಡಿದು ಕೂತಿರುತ್ತದೆ. ಸುತ್ತಲಿನದೆಲ್ಲ ಒಣಗಿದ ಮೇಲೂ ಅದೊಂದು ಕಪ್ಪಗೆ ಉಳಿಯುತ್ತದೆ. ಇದಕ್ಕೆ ಬೇಕಾದದ್ದು ಕಣ್ಣು ಮತ್ತು ತಾಳ್ಮೆ. ಅತ್ತಿಗೆಯ ಕಣ್ಣಿನ ಮೇಲೆ ಎಲ್ಲರಿಗೂ ಎಷ್ಟು ಭರವಸೆಯೆಂದರೆ, ಅವಳು ಬಿರುಕು ಎಂದ ಕಲ್ಲನ್ನು ಅವಳ ಗಂಡ ಎರಡನೇ ಮಾತಿಲ್ಲದೆ ಹೊರಗೆ ಸಾಗಿಸುತ್ತಿದ್ದ. ತಾಳ್ಮೆ ಮಾತ್ರ ಇವತ್ತು ಎಲ್ಲಿ ಹೋಗಿತ್ತೋ. ಕೂತರೆ ನಿಲ್ಲಬೇಕೆನಿಸುತ್ತಿತ್ತು, ನಿಂತರೆ ನೀರಿನ ತೊಟ್ಟಿಯ ಕಡೆ ಕಾಲು ಹೋಗುತ್ತಿತ್ತು.

ಗುಬ್ಬಿ ಅವಳ ಗಂಡನ ತಂಗಿ. ಅತ್ತಿಗೆ ಮದುವೆಯಾಗಿ ಬಂದಾಗ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಹುಡುಗಿ. ಮಾತು ಶುರು ಮಾಡಿದರೆ ಗುಬ್ಬಿಯ ಚಿಲಿಪಿಲಿಯೇ ಎಂದು ಅಣ್ಣನೇ ಇಟ್ಟ ಹೆಸರು. ಈಗ ಅವಳ ಕೂದಲಲ್ಲೂ ಬಿಳಿಯ ಎಳೆಗಳು. ಮದುವೆ ಬೇಡವೆಂದಳು, ಕಾರಣ ಕೇಳಿದವರಿಗೆ ನಕ್ಕಳು. ಕಳೆದ ವರ್ಷ ಕಾರಣ ಹೊರಬಿತ್ತು. ಸಾಯುವ ಹಂತದ ರೋಗಿಗಳನ್ನು ನೋಡಿಕೊಳ್ಳುವ ಸಿಸ್ಟರುಗಳ ಕನ್ಯಾಮಠಕ್ಕೆ ಸೇರುತ್ತಾಳಂತೆ. ವಯಸ್ಸಾಯಿತೆಂದು ಎರಡು ಕಡೆ ಬೇಡವೆಂದಿದ್ದರು, ಮೂರನೆಯ ಕಡೆ ಒಪ್ಪಿದರು. ಅಲ್ಲಿಯೂ ನಲವತ್ತು ದಾಟಿದವರನ್ನು ತೆಗೆದುಕೊಳ್ಳುವುದಿಲ್ಲ. ಗುಬ್ಬಿಗೆ ಇದು ಕೊನೆಯ ವರ್ಷ.

"ಬಲಿಪೀಠದ ಕಲ್ಲು ಮುಗಿಸಿ ಹೊರಡ್ತೀನಿ ಅತ್ತಿಗೆ," ಎಂದಿದ್ದಳು. "ಅದು ನಾನು ದೇವರಿಗೆ ಒಪ್ಪಿಸಿದ ಕೆಲಸ. ಅರ್ಧಕ್ಕೆ ಬಿಟ್ಟು ಹೋಗಲ್ಲ."

ಹೋಗುವವಳಲ್ಲ. ಅದು ಅತ್ತಿಗೆಗೆ ಗೊತ್ತಿತ್ತು. ಈ ಚಪ್ಪಡಿ ಬಿರುಕು ಎಂದಾದರೆ ಹೊಸ ಕಲ್ಲು ಬರಬೇಕು. ಗಣಿಯಿಂದ ಬಂದು, ಕೊಯ್ದು, ಉಜ್ಜಿ ಮುಗಿಯುವಷ್ಟರಲ್ಲಿ ಕನ್ಯಾಮಠದ ಬಾಗಿಲು ಮುಚ್ಚಿರುತ್ತದೆ. ಅದೂ ಗೊತ್ತಿತ್ತು. ಬಿರುಕು ಎಂಬ ಒಂದೇ ಒಂದು ಮಾತು ಸಾಕು. ಯಾರೂ ತಿರುಗಿ ಪರೀಕ್ಷೆ ಮಾಡುವುದಿಲ್ಲ.

ಶೆಡ್ಡಿನ ಆ ತುದಿಯಲ್ಲಿ ಗರಗಸದ ಮೆಷಿನ್ ಕಿರುಚುತ್ತಿತ್ತು. ಅದರ ಪಕ್ಕ ನಿಂತೂ ನಿಂತೂ ಅವಳ ಗಂಡನ ಕಿವಿ ಮಂದವಾಗಿತ್ತು. ಮನೆಯಲ್ಲಿ ಗಂಡಹೆಂಡಿರ ಮಾತು ‘ಉಪ್ಪು ಬೇಕಾ’, ‘ಬಾಗಿಲು ಹಾಕಿದ್ರಾ’ ಎಂಬಲ್ಲಿಗೆ ಬಂದು ನಿಂತಿತ್ತು. ಕಿರುಚಿ ಹೇಳುವಷ್ಟು ಮುಖ್ಯವಾದದ್ದು ಬಹಳ ಇರುವುದಿಲ್ಲ. ಮಕ್ಕಳಾಗಲಿಲ್ಲ. ಹೊಟ್ಟೆಯೊಳಗಿನದನ್ನೆಲ್ಲ ಅವಳು ಹೇಳಿಕೊಂಡು ಬಂದದ್ದು ಗುಬ್ಬಿಯ ಹತ್ತಿರ, ಕಲ್ಲಿನ ಎರಡು ಬದಿಯಲ್ಲಿ ಕೂತು ಉಜ್ಜುತ್ತ.

ಗುಬ್ಬಿಗೋ ಕಲ್ಲು ಕಂಡರೆ ಸಾಕು, ಪ್ರವಚನ ಶುರು. "ನಾವು ಇದಕ್ಕೆ ಬಣ್ಣ ಕೊಡಲ್ಲ ಅತ್ತಿಗೆ. ಒಳಗಿರೋದು ಹೊರಗೆ ಬರೋವರೆಗೆ ಉಜ್ಜುತ್ತೀವಿ ಅಷ್ಟೆ. ದೇವರು ನಮ್ಮನ್ನ ಉಜ್ಜೋದೂ ಹಾಗೇ."

"ದೇವರಿಗೇನಮ್ಮ, ಮೊಣಕೈ ನೋಯಲ್ಲ," ಎನ್ನುತ್ತಿದ್ದಳು ಅತ್ತಿಗೆ.

ಆಮೇಲೆ ಗುಬ್ಬಿಯ ಆ ಮಾತೇ ಅವಳ ತಲೆಯಲ್ಲಿ ವಾರಗಟ್ಟಲೆ ಸುತ್ತುತ್ತಿತ್ತು. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಅವಳಿಗೆ ಬರುತ್ತಿದ್ದದ್ದು ಗುಬ್ಬಿ ಹೇಳಿದ ಕಲ್ಲುಗಳೇ. ಗುಬ್ಬಿ ಹೋದರೆ ದೇವರೂ ಅವಳ ಪೆಟ್ಟಿಗೆಯಲ್ಲೇ ಹೊರಟುಬಿಡುತ್ತಾನೇನೋ ಎಂಬ ಭಯ ಅವಳಿಗೆ ಈಚೆಗೆ ಅಂಟಿಕೊಂಡಿತ್ತು.

ಅವಳು ಮಗ್ಗನ್ನು ಮತ್ತೆ ತೊಟ್ಟಿಗೆ ಅದ್ದಿದಳು.

"ಹೀಗೆ ನೀರು ಹಾಕ್ತಾನೇ ಇದ್ರೆ ಅದು ಯಾವಾಗ ಒಣಗೋದು ಅತ್ತಿಗೆ?"

ಗುಬ್ಬಿ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ಧೂಳು ಕೂತಿತ್ತು," ಎಂದಳು ಅತ್ತಿಗೆ.

"ಬೆಳಿಗ್ಗೆಯಿಂದ ಧೂಳೇ ಕೂರ್ತಾ ಇದೆ ಪಾಪ."

ಗುಬ್ಬಿ ಬಂದು ಕಲ್ಲಿನ ಮೇಲೆ ಬಾಗಿದಳು. ಸಣ್ಣ ಗೆರೆಯನ್ನು ಬಿಟ್ಟು ಪಕ್ಕದ ದಪ್ಪ ಬಿಳಿಯ ಎಳೆಯ ಮೇಲೆ ಬೆರಳಾಡಿಸಿದಳು. "ಇದೂ ಒಂದು ಕಾಲದಲ್ಲಿ ಬಿರುಕೇ ಅಲ್ವಾ? ನೆಲದೊಳಗೆ ಯಾವತ್ತೋ ಸೀಳಿರತ್ತೆ. ನೀರು ಇಳಿದು, ಸುಣ್ಣ ಕಟ್ಟಿ, ಬಿಳಿಯಾಗಿ ಕೂಡಿಕೊಂಡಿರತ್ತೆ. ಈಗ ಕಲ್ಲಲ್ಲಿ ಎಲ್ಲಕ್ಕಿಂತ ಚೆಂದ ಇದೇ."

"ಶುರುವಾಯ್ತು."

"ಯೇಸುಸ್ವಾಮಿ ಸಮಾಧಿಯಿಂದ ಎದ್ದು ಬಂದ ಮೇಲೂ ಕೈಯಲ್ಲಿ ಮೊಳೆಯ ಗುರುತು ಹಾಗೇ ಇತ್ತಲ್ಲ. ಸಾವನ್ನೇ ಗೆದ್ದವರಿಗೆ ಅದನ್ನ ಅಳಿಸೋದೇನು ಕಷ್ಟವಾ? ಇಟ್ಕೊಂಡ್ರು. ಮುಟ್ಟಿ ನೋಡು ಅಂತ ತೋರಿಸಿದ್ರು."

"ನಿನಗೆ ಎಲ್ಲಾ ಸಲೀಸು," ಎಂದಳು ಅತ್ತಿಗೆ. ದನಿ ಅವಳೇ ಅಂದುಕೊಂಡದ್ದಕ್ಕಿಂತ ಗಡುಸಾಯಿತು. "ಸೀಳೋದೂ ಸಲೀಸು, ಕೂಡೋದೂ ಸಲೀಸು. ಅದು ಕೂಡೋಕೆ ಎಷ್ಟು ಕಾಲ ಹಿಡೀತು ಅಂತ ಕಲ್ಲನ್ನ ಕೇಳಿದ್ಯಾ?"

ಗುಬ್ಬಿ ತಲೆ ಎತ್ತಿ ಅವಳನ್ನು ನೋಡಿದಳು. ಅತ್ತಿಗೆಯ ಕೈಯಿಂದ ಮಗ್ಗನ್ನು ತೆಗೆದುಕೊಂಡು ನೀರನ್ನು ತೊಟ್ಟಿಗೇ ವಾಪಸು ಸುರಿದಳು.

"ಫಾದರ್ ಬರೋ ಹೊತ್ತಾಯ್ತು, ಟೀ ಇಡ್ತೀನಿ. ನೀವು ನೋಡಿ. ನೀವು ಏನು ಹೇಳ್ತೀರೋ ಅದೇ," ಎಂದಳು. ಬಾಗಿಲ ಹತ್ತಿರ ತಿರುಗಿ, "ನಾನು ಇಲ್ಲಿ ನಿಲ್ಲಲ್ಲ. ನಿಂತ್ರೆ ನನ್ನ ಮುಖ ನೋಡಿ ಹೇಳ್ತೀರ," ಎಂದಳು. ಮಗ್ಗನ್ನು ತಾನೇ ಒಯ್ದಳು.

ಅತ್ತಿಗೆ ಕಲ್ಲನ್ನು ಒರೆಸಿ, ಮರದ ಸ್ಟೂಲಿನ ಮೇಲೆ ಕೂತಳು. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು, ಅವನ್ನು ನಂಬುವಂತಿರಲಿಲ್ಲ. ಕಲ್ಲು ಅಂಚಿನಿಂದ ಒಣಗಲು ತೊಡಗಿತು. ಬೂದು ಬಣ್ಣ ನಿಧಾನವಾಗಿ ಒಳಕ್ಕೆ ನಡೆದು ಬಂತು. ಕಪ್ಪು ದ್ವೀಪಗಳಾಯಿತು, ದ್ವೀಪಗಳು ಚುಕ್ಕಿಗಳಾದವು. ಗೆರೆ ಮಾತ್ರ ಇದ್ದಲ್ಲೇ ಕಪ್ಪಗಿತ್ತು.

ಕಪ್ಪಗೇ ಇತ್ತು.

ಎದೆಯೊಳಗೆ ಏನೋ ಜಿಗಿಯಿತು. ಬಿರುಕು. ನಿಜವಾಗಿಯೂ ಬಿರುಕು. ಸುಳ್ಳು ಹೇಳುವ ಪಾಪವೂ ಬೇಕಿಲ್ಲ. ಜಿಗಿದದ್ದು ಸಂತೋಷವೆಂದು ತಿಳಿದ ಮರುಕ್ಷಣ ಅವಳು ಕಲ್ಲಿನಿಂದ ಕಣ್ಣು ತೆಗೆದಳು. ಬಲಿಪೀಠದ ಕಲ್ಲು ಸೀಳಿರಲಿ ಎಂದು ತಾನು ಬೇಡುತ್ತ ಕೂತಿದ್ದಳು. ಪ್ರಾರ್ಥನೆ ಬಾರದವಳಿಗೆ ಬಂದ ಪ್ರಾರ್ಥನೆ ಇದು. ಎದ್ದು ಹೋಗಿಬಿಡೋಣವೆನಿಸಿತು. ಸ್ವಾಮಿ, ಒಣಗಿಸು ಎಂದುಕೊಂಡಳು. ಅರ್ಧಕ್ಕೆ, ಬೇಡ ಎಂದುಕೊಂಡಳು. ಯಾವುದನ್ನು ಕೇಳಿಸಿಕೊಂಡನೋ.

ಮತ್ತೆ ಕಣ್ಣು ಹಾಯಿಸಿದಾಗ ಗೆರೆಯ ಒಂದು ತುದಿ ಇರಲಿಲ್ಲ. ಬಗ್ಗಿ ಹುಡುಕಬೇಕಾಯಿತು. ತುದಿಯಿಂದ ನಡುವಿಗೆ, ನಡುವಿನಿಂದ ಆಚೆಗೆ, ಗೆರೆ ಮಾಸಿ ಮಾಸಿ ಕಲ್ಲಿನ ಬಣ್ಣಕ್ಕೆ ಬಂತು. ಉಳಿದದ್ದು ಮಸುಕು ಬಿಳಿಯ ಒಂದು ನೂಲು. ಉಗುರಿನಿಂದ ಅಡ್ಡಕ್ಕೆ ಎಳೆದು ನೋಡಿದಳು. ಉಗುರು ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ.

ಅಷ್ಟರಲ್ಲಿ ಫಾದರ್ ಬಂದರು. ಚಪ್ಪಡಿಯ ಸುತ್ತ ಒಂದು ಸುತ್ತು ಹಾಕಿ, ಕನ್ನಡಕ ಸರಿಮಾಡಿಕೊಂಡು, ಆ ನೂಲಿನ ಮೇಲೆಯೇ ಬೆರಳಿಟ್ಟರು.

"ಇದು ಬಿರುಕೇನಮ್ಮ? ನನಗಿದೆಲ್ಲ ಗೊತ್ತಾಗಲ್ಲ. ನೀವು ಬೇಡ ಅಂದ್ರೆ ಬೇರೆ ತರಿಸೋಣ, ನಮಗೇನೂ ಅವಸರವಿಲ್ಲ."

ಅವಸರವಿಲ್ಲ. ಮಾತು ಇಷ್ಟು ಸುಲಭವಾಗಿ ಕೈಗೆ ಬಂದು ಕೂತಿತ್ತು. ಗುಬ್ಬಿ ಟೀ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು, ಮುಖವನ್ನು ಬೇಕೆಂದೇ ಬೇರೆ ಕಡೆ ತಿರುಗಿಸಿ. ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು.

"ಒಂದು ಸಲ ಸೀಳಿತ್ತು ಫಾದರ್," ಎಂದಳು. "ಈಗ ಕೂಡಿಕೊಂಡಿದೆ."

"ಅಂದ್ರೆ ಆಗತ್ತೆ?"

"ಆಗತ್ತೆ. ಇವಳು ಹೊರಡೋದರೊಳಗೆ ಮುಗಿಸ್ತೀವಿ."

ಗುಬ್ಬಿ ತಟ್ಟೆಯನ್ನು ಕಲ್ಲಿನ ಮೇಲೆ ಇಡಲು ಹೋದಳು. "ಬಲಿಪೀಠದ ಮೇಲೆ ಟೀ ಇಡ್ತೀಯಾ?" ಎಂದು ಅತ್ತಿಗೆ ಗದರಿದಳು. ಗುಬ್ಬಿ ನಗಲು ಹೋಗಿ, ಸೆರಗಿನಿಂದ ಮೂಗು ಒರೆಸಿಕೊಂಡಳು.

ಗರಗಸ ನಿಂತಿತು. ಅವಳ ಗಂಡ ಆ ತುದಿಯಿಂದ ಕೂಗಿದ. "ಏನಂದ್ರು ಫಾದರ್?"

"ಕಲ್ಲು ಚೆನ್ನಾಗಿದೆ ಅಂತ."

"ಏನು?"

"ಕಲ್ಲು ಗಟ್ಟಿ ಇದೆ."

ಅವನು ಕಿವಿಗೆ ಕೈಯಿಟ್ಟು ನಿಂತ. ಬೇರೆ ದಿನವಾಗಿದ್ದರೆ ಅವಳು ಕೈಯಾಡಿಸಿ ಬಿಟ್ಟುಬಿಡುತ್ತಿದ್ದಳು. ಇವತ್ತು ಕೆಸರು ನೀರು ದಾಟಿ ಅವನ ಹತ್ತಿರ ಹೋದಳು, ತುದಿಗಾಲಲ್ಲಿ ನಿಂತು ಅವನ ಕಿವಿಯ ಪಕ್ಕ ಬಾಯಿಟ್ಟು ಮತ್ತೊಮ್ಮೆ ಹೇಳಿದಳು.

ಅವನು ಕಲ್ಲಿನ ಪುಡಿ ಮೆತ್ತಿದ ರೆಪ್ಪೆಗಳನ್ನು ಎರಡು ಸಲ ಬಡಿದ.

"ಹಾಗಾದ್ರೆ ಗುಬ್ಬಿ ಹೋಗ್ತಾಳೆ," ಎಂದ.

ಅವನಿಗೂ ಆ ಲೆಕ್ಕ ತಿಳಿದಿತ್ತೆಂದು ಅವಳು ಅಂದುಕೊಂಡಿರಲಿಲ್ಲ.

"ಹೋಗ್ತಾಳೆ," ಎಂದಳು, ಅವನಿಗೆ ಕೇಳಿಸುವ ಹಾಗೆ.