ಫ್ರೆಂಚಿಗೆ ಹತ್ತನೆಯವಳು

ಮೇ ತಿಂಗಳೆಂದರೆ ಈ ಕಡೆಯ ಉಪನ್ಯಾಸಕರಿಗೆ ರಜೆಯಲ್ಲ, ಮನೆ ಮನೆ ತಿರುಗಿ ಮಕ್ಕಳನ್ನು ಕಾಲೇಜಿಗೆ ಕರೆಯುವ ಕಾಲ. ಪುತ್ತೂರಿನ ಕಾಲೇಜೊಂದರಲ್ಲಿ ಫ್ರೆಂಚ್ ಕಲಿಸುವ ಸುಪ್ರಿತಾಳಿಗೆ ಈ ಸಲ ಹತ್ತು ಮಂದಿ ಬೇಕಿತ್ತು. ಹತ್ತು ಆಗದಿದ್ದರೆ ಫ್ರೆಂಚ್ ಮುಚ್ಚುವುದೇ ಎಂದು ಪ್ರಿನ್ಸಿಪಾಲರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಒಂದು ಕಾಲದಲ್ಲಿ ಅವಳ ತರಗತಿಗೆ ಬೆಂಚು ಸಾಲುತ್ತಿರಲಿಲ್ಲ. ಈಗ ಯಾವ ಜಗಲಿ ಹತ್ತಿದರೂ ಒಂದೇ ಮಾತು: “ಸಂಸ್ಕೃತದಲ್ಲಿ ಮಾರ್ಕ್ ಬರ್ತದೆ ಮೇಡಂ. ಫ್ರೆಂಚ್ ಕಲ್ತು ಎಂತ ಮಾಡುದು?” ಬೆಲ್ಲ, ನೀರು ಎಲ್ಲರೂ ಕೊಟ್ಟರು, ಮಕ್ಕಳನ್ನು ಕೊಡಲಿಲ್ಲ. ಅಂತೂ ಚಪ್ಪಲಿ ಸವೆಸಿ ಒಂಬತ್ತು ಮಂದಿಯನ್ನು ಒಪ್ಪಿಸಿದ್ದಳು.

ಹತ್ತನೆಯವಳಿಗಾಗಿ ಕಡಬದ ಬಸ್ಸು ಹಿಡಿದು ಪೆರಾಬೆಯಲ್ಲಿ ಇಳಿದಳು. ಪಿಯುಸಿ ಮುಗಿಸಿದ ಯಶಸ್ವಿಯ ಮನೆ. ಅಂಗಳದಲ್ಲಿ ಅಜ್ಜಿ ಪೂವಮ್ಮ ಹಲಸಿನ ಹಪ್ಪಳ ಒತ್ತುತ್ತಿದ್ದರು. ಅವರು ಕೊಟ್ಟ ಬೆಲ್ಲ, ನೀರು ಮುಗಿಸಿ ಸುಪ್ರಿತಾಳೂ ಸೆರಗು ಸಿಕ್ಕಿಸಿ, ಹಪ್ಪಳಗಳನ್ನು ಚಾಪೆಗೆ ಹರಡುತ್ತಲೇ ಮಾತಿಗಿಳಿದಳು.

“ಹೇಗಿರ್ತದೆ ಮೇಡಂ ಆ ಭಾಷೆ? ಸ್ವಲ್ಪ ಮಾತಾಡಿ,” ಎಂದಳು ಯಶಸ್ವಿ.

ಹುಡುಗಿಯಾಗಿದ್ದಾಗ ಬಾಯಿಪಾಠ ಮಾಡಿದ್ದ ಫ್ರೆಂಚ್ ಪದ್ಯವೊಂದನ್ನು ಸುಪ್ರಿತಾ ಹೇಳಿದಳು. ಯಶಸ್ವಿ ಕೈಯಲ್ಲಿದ್ದ ಹಪ್ಪಳ ಮರೆತು ಕೇಳಿದಳು. ಹೀಗೆ ಯಾರಾದರೂ ಕಿವಿಗೊಟ್ಟು ಎಷ್ಟು ವರ್ಷವಾಗಿತ್ತೋ! ಸುಪ್ರಿತಾಳ ಕಣ್ಣು ಒದ್ದೆಯಾಯಿತು.

“ಅಜ್ಜಿ, ನಾನು ಇದನ್ನೇ ತೆಗಿತೇನೆ.”

“ತೆಗಿ,” ಎಂದು ಪೂವಮ್ಮ ಸುಪ್ರಿತಾಳ ಕಡೆ ತಿರುಗಿದರು. “ಟೀಚರೇ, ನಿಮಗೆ ಮಕ್ಕಳುಂಟಾ?”

“ಒಬ್ಬಳು ಮಗಳು, ಚಿನ್ಮಯೀ. ಅವಳೂ ಈ ವರ್ಷ ನಮ್ಮ ಕಾಲೇಜಿಗೇ ಬರುದು.”

“ಒಳ್ಳೆದಾಯ್ತು. ಫ್ರೆಂಚ್ ಕ್ಲಾಸಲ್ಲಿ ಇವಳಿಗೊಂದು ಜೊತೆಯಾಯ್ತು.”

ಹೌದೆಂದು ತಲೆಯಾಡಿಸಿದ್ದರೆ ಸಾಕಿತ್ತು. ಆದರೆ ಅವರ ಬೆಲ್ಲದ ಸಿಹಿ ಇನ್ನೂ ನಾಲಿಗೆಯ ಮೇಲಿತ್ತು, ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ಇಲ್ಲ ಅಜ್ಜಿ. ಅವಳನ್ನು ಸಂಸ್ಕೃತಕ್ಕೆ ಸೇರಿಸಿದ್ದು. ನಾನೇ ಸೇರಿಸಿದ್ದು.”

ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ ಎಂದು ಪೂವಮ್ಮ ಆಡಿ ತೋರಿಸಲಿಲ್ಲ. ಒಳಗೆ ಹೋಗಿ ಒಣಗಿದ ಹಪ್ಪಳದ ಕಟ್ಟೊಂದನ್ನು ತಂದು ಅವಳ ಕೈಗಿಟ್ಟರು. “ಹಾಗಾದ್ರೆ ನಮ್ಮ ಪುಳ್ಳಿ ಯಶಸ್ವಿಗೂ ಅದೇ ಇರ್ಲಿ ಟೀಚರೇ,” ಎಂದರು ಮೆಲ್ಲಗೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಯಶಸ್ವಿ ತಲೆ ತಗ್ಗಿಸಿ ಹಪ್ಪಳ ಹರಡುತ್ತಿದ್ದಳು.

ಸಂಜೆ ಮನೆಯಲ್ಲಿ ಹಪ್ಪಳದ ಕಟ್ಟು ನೋಡಿ ಚಿನ್ಮಯೀ ಕೇಳಿದಳು, “ಹತ್ತನೆಯವಳು ಸಿಕ್ಕಿದ್ಳಾ ಅಮ್ಮಾ?”

ಸುಪ್ರಿತಾ ನಡೆದದ್ದನ್ನೆಲ್ಲ ಹೇಳಿದಳು.

“ನಾನೇ ಬದಲಿಸ್ತೇನೆ ಅಮ್ಮಾ. ಹತ್ತು ಆಗ್ತದಲ್ಲ?”

ಆಗುತ್ತಿತ್ತು. ಪ್ರಾಯವನ್ನೆಲ್ಲ ಸುರಿದ ತರಗತಿ ಉಳಿಯುತ್ತಿತ್ತು. ಊರಿಡೀ ಬೇಡಿದ್ದನ್ನು ಮಗಳು ತಾನಾಗಿ ಕೊಡಲು ಬಂದಿದ್ದಳು. ಸುಪ್ರಿತಾ ಮಗಳ ತಲೆ ಸವರಿದಳು.

“ಬೇಡ ಮಗಾ,” ಎಂದಳು. “ಸಂಸ್ಕೃತದಲ್ಲಿ ಮಾರ್ಕ್ ಬರ್ತದೆ.”